ಟ್ರಯಲ್ ವಿಂಡೋಸ್ ಅವಧಿ ಮುಗಿಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ನಿಮ್ಮ ಕಂಪ್ಯೂಟರ್ ಪರದೆಯ ಕೆಳಗೆ, ಬಲಗಡೆಯ ಮೂಲೆಯಲ್ಲಿ ಏನಾದರೂ ಸಣ್ಣ ಅಕ್ಷರದಲ್ಲಿ ಬರೆದಿದೆಯಾ, ಒಮ್ಮೆ ನೋಡಿ. 'ಇವ್ಯಾಲ್ಯುಯೇಶನ್' ಎಂದಿದ್ದು, ಕೆಳಗೆ ಇನ್ನು ಇಷ್ಟು ದಿನ ಎಂಬ ಲೆಕ್ಕವಿದ್ದರೆ ನೀವು ಬಳಸುತ್ತಿರುವುದು ಟ್ರಯಲ್ ವಿಂಡೋಸ್, ಅಂದರೆ ಕೆಲವು ದಿನ ಬಳಸಿ ನೋಡಲೆಂದು ಕೊಟ್ಟ ಆವೃತ್ತಿ. ಅದಕ್ಕೆ ಕೊನೆಯ ದಿನ ಒಂದಿದೆ. ಆ ದಿನ ಹತ್ತಿರ ಬಂದಾಗ ಏನಾಗುತ್ತದೆ, ಅಷ್ಟರೊಳಗೆ ನಾವು ಏನೇನು ಮಾಡಿಟ್ಟುಕೊಳ್ಳಬೇಕು ಎಂಬುದೇ ಇವತ್ತಿನ ಮಾತು.

ಬಹಳ ಜನ ಅಂದುಕೊಂಡಿರುವುದು ಹೀಗೆ: ಅವಧಿ ಮುಗಿಯುವವರೆಗೂ ಎಲ್ಲ ಸರಾಗ, ಮುಗಿದ ದಿನ ಒಮ್ಮೆಗೇ ಬಂದ್. ಆದರೆ ಎಷ್ಟೋ ಸಲ ತೊಂದರೆ ಅದಕ್ಕೂ ಮೊದಲೇ ಶುರುವಾಗುತ್ತದೆ. ವಿಂಡೋಸ್ 7 ಬಿಡುಗಡೆಗೆ ಮುನ್ನ ಮೈಕ್ರೋಸಾಫ್ಟ್ ಅದರ 'ರಿಲೀಸ್ ಕ್ಯಾಂಡಿಡೇಟ್' ಎಂಬ, ಬಹುತೇಕ ಸಿದ್ಧವಾದ ಪರೀಕ್ಷಾ ಆವೃತ್ತಿಯನ್ನು 2009ರ ಮೇ ತಿಂಗಳಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟಿತ್ತು. ಅದರ ಅವಧಿ ಇದ್ದದ್ದು 2010ರ ಜೂನ್ 1ರವರೆಗೆ. ಆದರೆ ಮಾರ್ಚ್ 1ರಿಂದಲೇ ಆ ಕಂಪ್ಯೂಟರ್‌ಗಳು ಎರಡು ಗಂಟೆಗೊಮ್ಮೆ ತಾವಾಗಿಯೇ ಬಂದ್ ಆಗತೊಡಗಿದವು. ಅಂದರೆ ಪೂರ್ತಿ ಮೂರು ತಿಂಗಳು ಮುಂಚೆ! ಅರ್ಧ ಬರೆದ ಪತ್ರ ಪರದೆ ಮೇಲಿದ್ದರೂ ಅಷ್ಟೇ, ಸೇವ್ ಮಾಡದೇ ಇದ್ದರೆ ಹೋಯಿತು.

ಈಗ ಸಿಗುವ ವಿಂಡೋಸ್ ಎಂಟರ್‌ಪ್ರೈಸ್, ಅಂದರೆ ಕಂಪನಿಗಳಿಗೆಂದು ಮಾಡಿದ ವಿಂಡೋಸ್, ಅದರ ಟ್ರಯಲ್‌ನ ಅವಧಿ 90 ದಿನ. ಮುಗಿದ ಮೇಲೆ ಪರದೆಯ ಹಿನ್ನೆಲೆ ಕಪ್ಪಾಗುತ್ತದೆ, ಇದು ಅಸಲಿ ಅಲ್ಲ ಎಂಬ ಸೂಚನೆ ಬರುತ್ತದೆ, ಗಂಟೆಗೊಮ್ಮೆ ಕಂಪ್ಯೂಟರ್ ಬಂದ್ ಆಗುತ್ತದೆ. ಒಂದು ಗಂಟೆಯಲ್ಲಿ ನಾಲ್ಕು ಫೈಲ್ ತೆಗೆದುಕೊಳ್ಳಬಹುದು, ನಿಜ. ಆದರೆ ವರ್ಷಗಳಿಂದ ಕೂಡಿಟ್ಟ ಫೋಟೊಗಳನ್ನೆಲ್ಲ ಕಾಪಿ ಮಾಡಲು ಕೂತರೆ ಆ ಒಂದು ಗಂಟೆ ಯಾವ ಮೂಲೆಗೂ ಸಾಲದು.

ಹಾಗಾಗಿ ಮೊದಲು ನಿಮ್ಮ ಕೊನೆಯ ದಿನ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಪೆನ್ನು, ಕಾಗದ ಹಿಡಿದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಜೊತೆಗೆ ಆರ್ ಒತ್ತಿ. ಚಿಕ್ಕದೊಂದು ಚೌಕ ತೆರೆಯುತ್ತದೆ. ಅದರಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂದು ಟೈಪ್ ಮಾಡಿ. ಒಂದು ಜಾಗ ಬಿಡಿ. ಆಮೇಲೆ ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಎಕ್ಸ್, ಪಿ, ಆರ್. ಎಂಟರ್ ಒತ್ತಿ. ಅವಧಿ ಯಾವತ್ತು ಮುಗಿಯುತ್ತದೆ ಎಂದು ದಿನಾಂಕ, ಸಮಯದ ಸಮೇತ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಎರಡು ಮೂರು ವಾರ ಮುಂಚಿನ ಒಂದು ದಿನ ಗೊತ್ತುಮಾಡಿ, ಅದೇ ನಿಮ್ಮ ಕೊನೆಯ ದಿನ ಎಂದುಕೊಳ್ಳಿ.

ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ದಿನಾಂಕ ತಪ್ಪಿದರೆ ಬ್ಯಾಂಕು, ಇಮೇಲ್‌ನಂಥ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಅವಧಿಯನ್ನು ಸ್ವಲ್ಪ ಮುಂದಕ್ಕೆ ಹಾಕಲು ಮೈಕ್ರೋಸಾಫ್ಟ್ ತಾನೇ 'ರೀಆರ್ಮ್' ಎಂಬ ದಾರಿ ಕೊಟ್ಟಿದೆ. ಆದರೆ ಅದು ಲೆಕ್ಕಕ್ಕೆ ಇಷ್ಟೇ ಸಲ. ಅದರಿಂದ ಸಿಗುವುದು ಸಮಯ ಮಾತ್ರ.

ಇನ್ನು ಬ್ಯಾಕಪ್, ಅಂದರೆ ಫೈಲ್‌ಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡುವುದು. ನನ್ನ ಪ್ರಕಾರ ಇಡೀ ಕೆಲಸದ ಮುಖ್ಯ ಭಾಗವೇ ಇದು. ಯಾಕೆಂದರೆ ಎಂಟರ್‌ಪ್ರೈಸ್ ಟ್ರಯಲ್‌ಗೆ ದುಡ್ಡು ಕೊಟ್ಟು ಕೀ, ಅಂದರೆ ಕೊಂಡದ್ದಕ್ಕೆ ಗುರುತಾಗಿ ಸಿಗುವ ಅಕ್ಷರ-ಅಂಕಿಗಳ ಸಂಕೇತ, ಹಾಕಿದ ಮಾತ್ರಕ್ಕೆ ಅದು ಪೂರ್ಣ ಆವೃತ್ತಿ ಆಗುವುದಿಲ್ಲ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಕಚೇರಿಗಳ ಕೇಂದ್ರ ಕಂಪ್ಯೂಟರಿಗೆ ಹಾಕುವ ವಿಂಡೋಸ್ ಸರ್ವರ್ ಟ್ರಯಲ್‌ನ ವಿಚಾರ ಬೇರೆ. ಅದಕ್ಕೆ 180 ದಿನ, ಸಾಮಾನ್ಯವಾಗಿ ಇದ್ದಲ್ಲೇ ಪೂರ್ಣ ಆವೃತ್ತಿಗೆ ಬದಲಾಯಿಸಿಕೊಳ್ಳಬಹುದು. ನಮ್ಮ ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಆ ಅನುಕೂಲ ಇಲ್ಲ.

ಡಾಕ್ಯುಮೆಂಟ್ಸ್, ಫೋಟೊ ಫೋಲ್ಡರ್‌ಗಳು ಎಲ್ಲರಿಗೂ ನೆನಪಿರುತ್ತವೆ. ಡೆಸ್ಕ್‌ಟಾಪ್ ಮೇಲೆ ಸುಮ್ನೆ ಎಸೆದಿಟ್ಟ ಫೈಲ್‌ಗಳು, ಡೌನ್‌ಲೋಡ್ಸ್‌ನಲ್ಲಿ ಉಳಿದುಹೋದ ರಸೀದಿಗಳು ನೆನಪಿರುವುದಿಲ್ಲ. 'ಆಪ್‌ಡೇಟಾ' ಎಂಬ ಫೋಲ್ಡರ್ ಅಂತೂ ಕಣ್ಣಿಗೇ ಬೀಳುವುದಿಲ್ಲ, ಅದನ್ನು ವಿಂಡೋಸ್ ಮರೆಮಾಡಿ ಇಟ್ಟಿರುತ್ತದೆ. ಬ್ರೌಸರಿನ ಬುಕ್‌ಮಾರ್ಕ್, ಎಷ್ಟೋ ಪ್ರೋಗ್ರಾಂಗಳ ಸೆಟ್ಟಿಂಗ್ ಇರುವುದು ಅಲ್ಲೇ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಇದ್ದರೆ ಅದರ ಕೀ ಬರೆದಿಟ್ಟುಕೊಳ್ಳಿ. ಇಷ್ಟೇ ಕಂಪ್ಯೂಟರಿನಲ್ಲಿ ಬಳಸಬೇಕು ಎಂಬ ಮಿತಿ ಅದಕ್ಕಿದ್ದರೆ, ಡಿಸ್ಕ್ ಅಳಿಸುವ ಮುಂಚೆ ಲೈಸೆನ್ಸ್ ಬಿಡುಗಡೆ ಮಾಡಿ, ಅಂದರೆ ಈ ಕಂಪ್ಯೂಟರನ್ನು ಆ ಲೆಕ್ಕದಿಂದ ತೆಗೆಸಿ. ಆಮೇಲೆ ಕಂಪನಿಯವರಿಗೆ ಫೋನ್ ಮಾಡಿ ಬೇಡಿಕೊಳ್ಳುವುದು ಬೇಸರದ ಕೆಲಸ.

ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿದ್ದಾಯಿತೇ? ಇನ್ನೂ ಎದ್ದು ಹೋಗಬೇಡಿ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಒಂದು ಫೋಟೊ, ಒಂದು ಲೆಕ್ಕದ ಹಾಳೆ, ಒಂದು ಹಳೆಯ ಪತ್ರ ತೆರೆದು ನೋಡಿ. ಫೋಲ್ಡರಿನ ಹೆಸರು ಕಂಡರೆ ಸಾಲದು, ಒಳಗಿನ ಫೈಲ್ ತೆರೆಯಬೇಕು. ಗೂಢಲಿಪಿ ಹಾಕಿದ ಫೈಲ್‌ಗಳು ಅದೇ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆಯುತ್ತವೆ, ಬೇರೆ ಕಡೆ ತೆರೆಯದೇ ಹೋಗಬಹುದು. ಅದು ಗೊತ್ತಾಗಬೇಕಾದದ್ದು ಹಳೆಯ ವಿಂಡೋಸ್ ಇನ್ನೂ ಜೀವಂತ ಇರುವಾಗಲೇ, ಅಲ್ವಾ?

ಇನ್‌ಸ್ಟಾಲ್ ಮಾಡುವವರಿಗೆ ಇನ್ನೊಂದು ಮಾತು. ಹೊಸ ವಿಂಡೋಸ್ ಹಾಕಿದ ಮೇಲೆ ಕೆಲವೊಮ್ಮೆ ವೈಫೈ ಕೆಲಸ ಮಾಡುವುದಿಲ್ಲ, ಡ್ರೈವರ್, ಅಂದರೆ ಆ ಭಾಗವನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್, ಬೇಕು ಎನ್ನುತ್ತದೆ. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ಟಿಗೆ ಹೋಗಲು ಡ್ರೈವರ್ ಇಲ್ಲ! ಆದ್ದರಿಂದ ನೆಟ್‌ವರ್ಕ್ ಡ್ರೈವರನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಅಂದರೆ ಪೂರ್ತಿ ಅಳಿಸದೆ, ಹೊಸ ವಿಂಡೋಸ್ ಹಾಕಿದರೆ ಹಳೆಯ ಫೈಲ್‌ಗಳು 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಸೇರುತ್ತವೆ. ಅದು ಇದೆಯಲ್ಲ ಎಂದು ಬ್ಯಾಕಪ್ ಬಿಡಬೇಡಿ. ಫಾರ್ಮ್ಯಾಟ್ ಒತ್ತಿದರೆ ಅದೂ ಇರುವುದಿಲ್ಲ.

ಈಗಾಗಲೇ ಅವಧಿ ಮುಗಿದು, ಕಪ್ಪು ಪರದೆ ನೋಡುತ್ತಾ ಕೂತವರೂ ಈ ಮಾತು ಕೇಳುತ್ತಿರಬಹುದು. ಗಾಬರಿ ಬೇಡ. ಅವಧಿ ಮುಗಿದ ಮಾತ್ರಕ್ಕೆ ನಿಮ್ಮ ಫೈಲ್‌ಗಳು ಅಳಿಸಿಹೋಗಿಲ್ಲ, ಡಿಸ್ಕಿನಲ್ಲೇ ಇವೆ. ವಿಂಡೋಸ್ ಬದಲಿಗೆ ಬಳಸಬಹುದಾದ, ಉಬುಂಟುವಿನಂಥ ಲಿನಕ್ಸನ್ನು ಬೇರೊಂದು ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. 'ಇನ್‌ಸ್ಟಾಲ್' ಒತ್ತಬೇಡಿ, 'ಟ್ರೈ' ಎಂಬುದನ್ನು ಆರಿಸಿಕೊಳ್ಳಿ. ಹಳೆಯ ಡಿಸ್ಕ್ ತೆರೆದುಕೊಳ್ಳುತ್ತದೆ, ಗಂಟೆಯ ಕಾಟವಿಲ್ಲದೆ ಕಾಪಿ ಮಾಡಿಕೊಳ್ಳಬಹುದು. ಇಡೀ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಬೇಕು. ಅವಧಿ ಇನ್ನೂ ಮುಗಿಯದವರು ಆ ಕೀಯನ್ನು ಇವತ್ತೇ ಹುಡುಕಿ, ಕಾಗದದ ಮೇಲೆ ಬರೆದು, ಕಂಪ್ಯೂಟರಿನಿಂದ ದೂರ ಇಡಿ.

ನಮಸ್ಕಾರ.