ಡಾಕ್ಟರ್ ಆಗೋರೇ ಲಸಿಕೆಗೆ ಯಾಕೆ ಹಿಂಜರಿದರು? 2021ರ ಕಾಲೇಜು ವಿದ್ಯಾರ್ಥಿಗಳ ಪ್ರಶ್ನೆಗಳು

[ನಿರೂಪಕಿ ಕ್ಯಾಮೆರಾ ಮುಂದೆ]

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಮೇಡಂ, ಕೋವಿಡ್ ಲಸಿಕೆಗೆ ಓದದೇ ಇರೋರು ಹೆದರಿದ್ರು, ಓದಿದೋರು ಹಾಕಿಸಿಕೊಂಡ್ರು. ಅಷ್ಟೇ ತಾನೆ?"

ಅಷ್ಟೇ ಅಲ್ಲ. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ದೇಶದ ಸಾವಿರಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳನ್ನ ಒಂದು ಅಧ್ಯಯನದಲ್ಲಿ ಕೇಳಿದ್ರು. ಶೇ 10.6ರಷ್ಟು ಮಂದಿ ಲಸಿಕೆಗೆ ಹಿಂದೇಟು ಹಾಕಿದ್ರು. ನಾಳೆ ಬೇರೆಯವರಿಗೆ ಸೂಜಿ ಚುಚ್ಚಬೇಕಾದವರಲ್ಲೇ ಹತ್ತಕ್ಕೆ ಒಬ್ಬರು!

ಲಸಿಕೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ನಿಮಗೆ ಗೊತ್ತೇ ಇದೆ, ಅದನ್ನ ಬಿಟ್ಟು ಮುಂದೆ ಹೋಗೋಣ. ಈ ಮಕ್ಕಳು ಯಾಕೆ ಹಿಂಜರಿದರು?

ತಾರೀಖುಗಳನ್ನ ಪಕ್ಕಪಕ್ಕ ಇಟ್ಟು ನೋಡಿ.

[ತೆರೆ ಮೇಲೆ: ಜನವರಿ 3, ಜನವರಿ 16, ಮಾರ್ಚ್ 3]

ಜನವರಿ 3ಕ್ಕೆ ಕೋವ್ಯಾಕ್ಸಿನ್‌ಗೆ ತುರ್ತು ಅನುಮತಿ ಸಿಕ್ತು. ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಹಾಕೋದು ಶುರುವಾಯ್ತು. ಆದರೆ ಕೋವ್ಯಾಕ್ಸಿನ್‌ನ ಮೂರನೇ ಹಂತದ, ಅಂದ್ರೆ ಸಾವಿರಾರು ಜನರ ಮೇಲೆ ನಡೆಸೋ ಪ್ರಯೋಗದ ಮೊದಲ ಅಂಕಿಅಂಶ ಹೊರಗೆ ಬಂದಿದ್ದು ಮಾರ್ಚ್ 3ಕ್ಕೆ, ಶೇ 81 ಪರಿಣಾಮಕಾರಿ ಅಂತ. ನಡುವಿನ ಒಂದೂವರೆ ತಿಂಗಳು ಅದನ್ನ ಹಾಕಿಸಿಕೊಳ್ಳೋರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅಧ್ಯಯನ ನಡೆದಿದ್ದೂ ಬಹುಪಾಲು ಇದೇ ಅವಧಿಯಲ್ಲಿ.

ಮೂರನೇ ಹಂತದ ಪ್ರಯೋಗ ಮುಗಿಯದೆ ಔಷಧಿಯನ್ನ ನಂಬಬೇಡಿ ಅಂತ ತರಗತಿಯಲ್ಲಿ ಕಲಿಸಿ, ಹೊರಗೆ ಬಂದ ತಕ್ಷಣ ತೋಳು ಕೊಡಿ ಅಂದ್ರೆ, ವಿದ್ಯಾರ್ಥಿ ಪ್ರಶ್ನೆ ಕೇಳ್ತಾನೆ. ಕೇಳಬೇಕು. ಅಂಥವರನ್ನ ಲಸಿಕೆ ವಿರೋಧಿ ಅಂತ ಕರೆದಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಅವರ ಪ್ರಶ್ನೆಗೆ ಉತ್ತರ ಇತ್ತು, ತಡವಾಗಿ ಬಂತು.

ಇನ್ನು ಬಿಎ, ಬಿಕಾಂ, ಎಂಜಿನಿಯರಿಂಗ್ ಓದ್ತಿದ್ದವರ ಸರದಿ ಬಂದಿದ್ದು 2021ರ ಮೇ 1ಕ್ಕೆ, 18 ತುಂಬಿದ ಎಲ್ಲರಿಗೂ ಅಂದಾಗ. ಏಪ್ರಿಲ್ 28ಕ್ಕೆ ಸರ್ಕಾರದ ಲಸಿಕೆ ಜಾಲತಾಣ ಕೋವಿನ್‌ನಲ್ಲಿ ನೋಂದಣಿ ತೆರೆದ ಮೊದಲ ದಿನವೇ 1 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ರು. ಬೇಡ ಅನ್ನೋರ ಸಾಲಲ್ಲ ಇದು! ಆದರೆ ದಾಸ್ತಾನೇ ಇರಲಿಲ್ಲ. ಮೇ 14ರಿಂದ ಕರ್ನಾಟಕದಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆ ಕೊಡೋದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ರು.

ನಾನು ಇವತ್ತು ಮಾತಾಡಲೇಬೇಕು ಅಂದುಕೊಂಡ ವಿಷಯ ಇಲ್ಲಿದೆ. ಇದೇ ಏಪ್ರಿಲ್ ಕೊನೆ ವಾರ ಒಂದು ವಾಟ್ಸಾಪ್ ಸಂದೇಶ ಹರಿದಾಡ್ತು. ಹೆಣ್ಣುಮಕ್ಕಳು ಮುಟ್ಟಿಗೆ ಐದು ದಿನ ಮುಂಚೆ, ಐದು ದಿನ ಆಮೇಲೆ ಲಸಿಕೆ ಹಾಕಿಸಿಕೊಳ್ಳಬಾರದು, ಆಗ ರೋಗನಿರೋಧಕ ಶಕ್ತಿ ತುಂಬಾ ಕಡಿಮೆ ಇರುತ್ತೆ, ಲಸಿಕೆ ಅದನ್ನ ಮೊದಲು ಇನ್ನಷ್ಟು ಇಳಿಸುತ್ತೆ ಅಂತ.

ಎರಡೂ ಮಾತು ಸುಳ್ಳು. ಕೇಂದ್ರ ಸರ್ಕಾರದ ಸುದ್ದಿ ವಿಭಾಗ ಪಿಐಬಿ ಕೂಡಲೇ ಸುಳ್ಳು ಅಂತ ಹೇಳ್ತು. ಆದರೆ ಸಂದೇಶದ ಲೆಕ್ಕ ಹಾಕಿ ನೋಡಿ. ಮುಂಚೆ ಐದು, ಮುಟ್ಟಿನ ದಿನ ಸುಮಾರು ಐದು, ಆಮೇಲೆ ಐದು. 28 ದಿನದಲ್ಲಿ 15 ದಿನ ಹೋಯ್ತು! ಅರ್ಧ ತಿಂಗಳಿಗಿಂತ ಜಾಸ್ತಿ. ಸ್ಲಾಟ್ ತೆರೆದ ನಿಮಿಷಗಳಲ್ಲೇ ಖಾಲಿಯಾಗ್ತಿದ್ದ ಆ ಮೇ ತಿಂಗಳಲ್ಲಿ, ಹಾಸ್ಟೆಲ್ ಮುಚ್ಚಿ ಊರಿಗೆ ಬಂದಿದ್ದ ಹುಡುಗಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸ್ಲಾಟ್ ಸಿಕ್ಕಿ, "ಈ ವಾರ ಬೇಡಮ್ಮ, ಮುಂದಿನ ವಾರ ನೋಡೋಣ" ಅಂತ ಮನೆಯಲ್ಲಿ ತಡೆದ್ರೆ, ಮುಂದಿನ ವಾರ ಸ್ಲಾಟೇ ಇಲ್ಲ. "ಲಸಿಕೆ ಬೇಡ" ಅಂತ ಆ ಸಂದೇಶ ಎಲ್ಲೂ ಹೇಳಲಿಲ್ಲ. "ಈಗ ಬೇಡ" ಅಂತಷ್ಟೇ ಹೇಳ್ತು. ಅಷ್ಟು ಸಾಕಿತ್ತು.

ಇದು ಇಷ್ಟು ನಾಟಿದ್ದಕ್ಕೆ ಇನ್ನೊಂದು ಕಾರಣ ಇದೆ. ಲಸಿಕೆ ಹಾಕಿಸಿಕೊಂಡ ಮೇಲೆ ಮುಟ್ಟು ತಡವಾಯ್ತು ಅಂತ ಬೇರೆ ಬೇರೆ ದೇಶಗಳ ಹೆಣ್ಣುಮಕ್ಕಳು ನಿಜವಾಗ್ಲೂ ಹೇಳ್ತಿದ್ರು. ಪ್ರಯೋಗಗಳಲ್ಲಿ ಆ ಪ್ರಶ್ನೆಯನ್ನ ಸರಿಯಾಗಿ ಕೇಳೇ ಇರಲಿಲ್ಲ. ಕೋಟ್ಯಂತರ ಹೆಣ್ಣುಮಕ್ಕಳಿಗೆ ಕೊಡೋ ಲಸಿಕೆ, ಆದರೆ ಮುಟ್ಟಿನ ಬಗ್ಗೆ ಒಂದು ಕಾಲಂ ಇಲ್ಲ! ನನಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೆ.

ಕೊನೆಗೆ 2022ರ ಜನವರಿಯಲ್ಲಿ ಅಮೆರಿಕದ ಅಧ್ಯಯನ ಬಂತು. ಮುಟ್ಟಿನ ದಿನಗಳನ್ನ ಆ್ಯಪ್‌ನಲ್ಲಿ ಗುರುತು ಹಾಕಿಕೊಳ್ತಿದ್ದ ಸುಮಾರು 4,000 ಹೆಣ್ಣುಮಕ್ಕಳ ಮಾಹಿತಿ. ಲಸಿಕೆ ಪಡೆದವರ ಋತುಚಕ್ರ ಮೊದಲಿಗಿಂತ ಉದ್ದವಾಗಿದ್ದು ಸರಾಸರಿ ಒಂದು ದಿನಕ್ಕಿಂತ ಕಡಿಮೆ. ರಕ್ತಸ್ರಾವದ ದಿನಗಳು ಹೆಚ್ಚಿರಲಿಲ್ಲ. ಒಂದೇ ಚಕ್ರದೊಳಗೆ ಎರಡೂ ಡೋಸ್ ಪಡೆದವರಲ್ಲಿ ಮಾತ್ರ ಸುಮಾರು ಎರಡು ದಿನ, ಅದೂ ತಾತ್ಕಾಲಿಕ. ಎಂಟು ದಿನದ ಒಳಗಿನ ಏರುಪೇರನ್ನ ವೈದ್ಯರು ಸಹಜ ಅಂತಲೇ ಎಣಿಸ್ತಾರೆ. ಅದೇ ವರ್ಷ ಬೇರೆ ಬೇರೆ ದೇಶಗಳ ಸುಮಾರು 20 ಸಾವಿರ ಮಂದಿಯ ಅಧ್ಯಯನದಲ್ಲೂ ಉತ್ತರ ಹೆಚ್ಚುಕಡಿಮೆ ಅದೇ.

"ಮುಟ್ಟು ಒಂದು ದಿನ ಆಚೀಚೆ ಆಗಬಹುದು, ಆಮೇಲೆ ಸರಿ ಹೋಗುತ್ತೆ." ಈ ಒಂದು ಸಾಲನ್ನ 2021ರ ಮೇನಲ್ಲೇ ಹೇಳೋಕೆ ಆಗಿದ್ದಿದ್ರೆ? ಹುಡುಗಿಯರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಮೊದಲು ಉತ್ತರ ಕೊಟ್ಟಿದ್ದು ಮಾತ್ರ ವಾಟ್ಸಾಪ್.

[ತೆರೆ ಮೇಲೆ: ಉಳಿದ ಮೂರು ವಿಷಯ, ಬೇಗ ಬೇಗ]

ವಿದೇಶಕ್ಕೆ ಓದಲು ಹೊರಟವರ ಪಾಡು: ಇನ್ನೊಂದು ಲಸಿಕೆ ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 84 ದಿನ ಬೇಕಿತ್ತು, ಇವರಿಗೆ ಜೂನ್‌ನಲ್ಲಿ 28 ದಿನಕ್ಕೆ ವಿನಾಯಿತಿ ಸಿಕ್ತು. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಬಂದಿದ್ದು ನವೆಂಬರ್ 3ಕ್ಕೆ, ಅಷ್ಟರಲ್ಲಿ ಸೆಮಿಸ್ಟರ್ ಅರ್ಧ ಆಗಿತ್ತು. ಆ ಮಾನ್ಯತೆ ಇಲ್ಲದ ಲಸಿಕೆಯನ್ನ ಹಲವು ದೇಶಗಳು ಒಪ್ಪುತ್ತಿರಲಿಲ್ಲ. ಹಾಗಾಗಿ "ಯಾವುದು ಸಿಕ್ಕಿದ್ರೆ ಅದು" ಅನ್ನದೆ "ಇದೇ ಬೇಕು" ಅಂತ ಅವರು ಕಾದಿದ್ದು ಹಟಕ್ಕಲ್ಲ.

ಎರಡನೇದು, ನಮ್ಮ ರಾಜ್ಯದಲ್ಲಿ ಜುಲೈ 26ಕ್ಕೆ ಪದವಿ ಕಾಲೇಜು ತೆರೆದಾಗ ಕನಿಷ್ಠ ಒಂದು ಡೋಸ್ ಆದವರಿಗೆ ಮಾತ್ರ ಒಳಗೆ ಪ್ರವೇಶ. ಕಾಲೇಜಿನಲ್ಲೇ ಶಿಬಿರ ಇಟ್ಟಿದ್ದು ಒಳ್ಳೇ ಕೆಲಸ. ಮುಂದೂಡ್ತಾ ಇದ್ದವರಿಗೆ ಅಷ್ಟು ಸಾಕು, ಸಂಶಯ ಇದ್ದವರಿಗೆ ಸಾಲದು.

ಮೂರನೇದು, ಧಾರವಾಡ. 2021ರ ನವೆಂಬರ್‌ನಲ್ಲಿ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಮಾರಂಭ ಆದ ಮೇಲೆ 250ಕ್ಕೂ ಹೆಚ್ಚು ಮಂದಿಗೆ ಸೋಂಕು, ಬಹುಪಾಲು ಎರಡೂ ಡೋಸ್ ಆದವರೇ. "ನೋಡಿ, ಲಸಿಕೆ ದಂಡ" ಅಂತ ಎಷ್ಟು ಜನ ಅಂದ್ರು! ಎಲ್ಲರೂ ಲಸಿಕೆ ಹಾಕಿಸಿಕೊಂಡಿರೋ ಕಡೆ ಸೋಂಕು ತಗಲಿದವರೂ ಲಸಿಕೆ ಆದವರೇ ಆಗಿರ್ತಾರೆ, ಬೇರೆಯವರು ಅಲ್ಲಿ ಉಳಿದಿರಲ್ಲ. ನೋಡಬೇಕಾಗಿದ್ದು ಎಷ್ಟು ಜನರ ಕಾಯಿಲೆ ಗಂಭೀರ ಆಯ್ತು ಅನ್ನೋದನ್ನ. ಬಹುತೇಕರಿಗೆ ಲಕ್ಷಣ ಇರಲೇ ಇಲ್ಲ, ಇದ್ದರೂ ಸೌಮ್ಯ.

ಮುಂದಿನ ವಿಡಿಯೋ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಬಗ್ಗೆ. ಕಾಲೇಜು ಓದ್ತಿರೋರು ನಿಮ್ಮ ಪ್ರಶ್ನೆ ಕಳಿಸಿ. ಕೇಳೋಕೆ ಮುಜುಗರ ಆಗೋ ಪ್ರಶ್ನೆ ಇದ್ರೆ ಅದನ್ನೇ ಮೊದಲು ಕಳಿಸಿ, ಹೆಸರು ಹೇಳದೆ ವೈದ್ಯರ ಹತ್ರ ಉತ್ತರ ಕೇಳಿ ತರ್ತೀನಿ.