ವಿಮಾನ ಬಾಡಿಗೆಗೆ ಹಿಡಿಯೋ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಚಾರ್ಟರ್ ವಿಮಾನ, ಏರ್ ಟ್ಯಾಕ್ಸಿ ವಿಷಯ. ಇದೆಲ್ಲಾ ದುಡ್ಡಿರೋರ ಸಮಾಚಾರ ಅಂತ ರೇಡಿಯೋ ಆಫ್ ಮಾಡ್ಬೇಡಿ, ಯಾಕಂದ್ರೆ ರೋಗಿಗಳನ್ನ ಸಾಗಿಸೋ ಏರ್ ಆಂಬ್ಯುಲೆನ್ಸ್ ಕೂಡ ಎಷ್ಟೋ ಸಲ ಇದೇ ಥರ ಬಾಡಿಗೆ ಹಾರಾಟನೇ, ಅದು ಯಾರಿಗೆ ಯಾವಾಗ ಬೇಕಾಗತ್ತೋ.

ಮಾಮೂಲಿ ವಿಮಾನದಲ್ಲಿ ನಾವು ಕೊಳ್ಳೋದು ಒಂದು ಸೀಟು, ಟೈಮು ಕಂಪನಿಯವ್ರದ್ದು. ಚಾರ್ಟರ್ ಅಂದ್ರೆ ಪೈಲಟ್ ಸಮೇತ ಇಡೀ ವಿಮಾನ, ಟೈಮು ನಮ್ದು. ಏರ್ ಟ್ಯಾಕ್ಸಿನೂ ಹೆಚ್ಚುಕಮ್ಮಿ ಅದೇ, ಆದ್ರೆ ಸಣ್ಣ ವಿಮಾನ, ಸಾಮಾನ್ಯವಾಗಿ ಕಮ್ಮಿ ದೂರ. ಕೆನಡಾದ ನಿಯಮದಲ್ಲಂತೂ ಏರ್ ಟ್ಯಾಕ್ಸಿ ಅಂದ್ರೆ ಸಾಮಾನ್ಯವಾಗಿ ಪೈಲಟ್ ಸೀಟು ಬಿಟ್ಟು 9 ಸೀಟು ಅಥವಾ ಅದಕ್ಕಿಂತ ಕಮ್ಮಿ ಇರೋ ವಿಮಾನ.

ಬಿಲ್ಲು ನೋಡಿದಾಗ ಜನಕ್ಕೆ ತಲೆ ಕೆಡೋದು ಒಂದೇ ಕಡೆ. ಒಂದು ಗಂಟೆ ಹಾರಿದ್ವಿ, ಎರಡು ಗಂಟೆಗೆ ಯಾಕೆ ಚಾರ್ಜು ಅಂತ. ಆ ವಿಮಾನ ಬೇರೆ ಊರಲ್ಲಿ ನಿಂತಿರತ್ತೆ, ಖಾಲಿ ಬಂದು ನಿಮ್ಮನ್ನ ಹತ್ತಿಸ್ಕೊಂಡು ಬಿಟ್ಟು ಮತ್ತೆ ಖಾಲಿ ಹೋಗತ್ತೆ, ಬಾಡಿಗೆ ಕಾರಿನ ರಿಟರ್ನ್ ಚಾರ್ಜ್ ಇದ್ದ ಹಾಗೆ ಅದೂ ನಿಮ್ಮ ಮೇಲೇ ಬೀಳತ್ತೆ, ಜೊತೆಗೆ ಲ್ಯಾಂಡಿಂಗ್ ಫೀ, ಪಾರ್ಕಿಂಗು, ರಾತ್ರಿ ನಿಂತರೆ ಪೈಲಟ್‌ಗಳ ರೂಮು. ಹಾಗೆ ಖಾಲಿ ಹೋಗೋ ಟ್ರಿಪ್ಪನ್ನೇ ಎಂಪ್ಟಿ ಲೆಗ್ ಅಂತ ಅಗ್ಗಕ್ಕೆ ಮಾರ್ತಾರೆ. ಒಳ್ಳೇದೇ, ಆದ್ರೆ ಮೂಲ ಗಿರಾಕಿ ಪ್ಲ್ಯಾನ್ ಬದಲಾಯಿಸಿದ್ರೆ ನಿಮ್ಮ ಟ್ರಿಪ್ಪೂ ಢಮಾರ್, ಹಾಗಾಗಿ ತಪ್ಪಿಸೋಕಾಗದ ಕೆಲಸಕ್ಕೆ ಅದನ್ನ ನಂಬ್ಕೋಬೇಡಿ.

ಬುಕ್ ಮಾಡುವಾಗ ನಿಮ್ಮ ತೂಕ ಕೇಳ್ತಾರೆ. ಬೇಜಾರು ಮಾಡ್ಕೋಬೇಡಿ, ಸುಳ್ಳೂ ಹೇಳ್ಬೇಡಿ. ಸಣ್ಣ ವಿಮಾನದಲ್ಲಿ ಒಬ್ಬೊಬ್ಬರ ತೂಕನೂ ಲೆಕ್ಕಕ್ಕೆ ಬರತ್ತೆ, ಅದರಲ್ಲೂ ಬಿಸಿಲು ಜಾಸ್ತಿ ಇದ್ದು ಜಾಗ ಎತ್ತರದಲ್ಲಿದ್ರೆ ಗಾಳಿ ತೆಳುವಾಗಿ ರನ್‌ವೇ ಜಾಸ್ತಿ ಬೇಕಾಗತ್ತೆ. ಪಿಲಾಟಸ್ ಪಿಸಿ-12, ಸೆಸ್ನಾ ಕ್ಯಾರವಾನ್ ಥರದ ಟರ್ಬೊಪ್ರಾಪ್‌ಗಳು, ಅಂದ್ರೆ ಮುಂದೆ ಫ್ಯಾನ್ ಥರ ತಿರುಗೋ ಪ್ರೊಪೆಲ್ಲರ್ ಇರೋ ವಿಮಾನಗಳು, ಜೆಟ್ ಇಳಿಯೋಕಾಗದ ಎಷ್ಟೋ ಚಿಕ್ಕ ರನ್‌ವೇಲಿ ಇಳೀತವೆ, ಜೆಟ್ಟೇ ಬೇಕು ಅಂತ ಹಠ ಮಾಡೋರು ದೂರದ ದೊಡ್ಡ ರನ್‌ವೇಲಿ ಇಳಿದು, ಉಳಿಸಿದ ಟೈಮನ್ನೆಲ್ಲಾ ರಸ್ತೇಲಿ ಕಳ್ಕೋತಾರೆ.

ಈಗ ಮುಖ್ಯವಾದ್ದು. ನೀವು ಫೋನಲ್ಲಿ ಮಾತಾಡೋದು ಬಹಳ ಸಲ ಬ್ರೋಕರ್ ಜೊತೆ, ವಿಮಾನ ಹಾರಿಸೋದು ಆಪರೇಟರ್. ದುಡ್ಡು ತಗೊಂಡು ಜನರನ್ನ ಕೂರಿಸ್ಕೊಂಡು ಹೋಗೋಕೆ ಸರ್ಕಾರದ ಸರ್ಟಿಫಿಕೇಟ್ ಬೇಕು, ಅದು ಇರಬೇಕಾದ್ದು ಆಪರೇಟರ್ ಹತ್ರ. ಅಮೆರಿಕದಲ್ಲಿ ಅದು ಪಾರ್ಟ್ 135 ಅನ್ನೋ ವಿಮಾನ ನಿಯಮದ ಪ್ರಕಾರ ಸಿಗೋದು, ಅದರಡಿ ಪೈಲಟ್ ಒಬ್ಬರೇ ಇದ್ರೆ 24 ಗಂಟೇಲಿ ಮಾಮೂಲಾಗಿ 8 ಗಂಟೆ, ಇಬ್ಬರಿದ್ರೆ 10 ಗಂಟೆಗಿಂತ ಜಾಸ್ತಿ ಹಾರಿಸೋ ಹಾಗಿಲ್ಲ. ಈ ಕಟ್ಟುಪಾಡಿಗೆಲ್ಲಾ ಖರ್ಚಿದೆ, ಅದಕ್ಕೇ ಕೆಲವರು ಸರ್ಟಿಫಿಕೇಟ್ ಇಲ್ಲದೇ ಅರ್ಧ ರೇಟಿಗೆ ಕರ್ಕೊಂಡು ಹೋಗ್ತೀನಿ ಅಂತಾರೆ. 2019ರ ಜನವರೀಲಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂಟ್‌ನಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಒಂಟಿ ಎಂಜಿನ್ನಿನ ಪೈಪರ್ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಆ ಪೈಲಟ್‌ಗೆ ದುಡ್ಡು ತಗೊಂಡು ಪ್ರಯಾಣಿಕರನ್ನ ಹಾರಿಸೋ ಲೈಸೆನ್ಸೇ ಇರಲಿಲ್ಲ, ರಾತ್ರಿ ಹಾರಿಸೋ ಅರ್ಹತೇನೂ ಇರಲಿಲ್ಲ. ಹಾರಾಟ ಏರ್ಪಾಡು ಮಾಡಿದವ್ರಿಗೆ 2021ರಲ್ಲಿ 18 ತಿಂಗಳು ಜೈಲಾಯ್ತು. ಹಾಗಾಗಿ ರೇಟ್ ಕೇಳೋ ಮುಂಚೆ ಆಪರೇಟರ್ ಯಾರು, ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ, ಪೈಲಟ್ ಎಷ್ಟು ಜನ ಅಂತ ಕೇಳಿ, ಬರವಣಿಗೇಲೇ ತಗೊಳ್ಳಿ. ಬ್ರೋಕರ್ ತಡವರಿಸಿದ್ರೆ ಫೋನ್ ಇಟ್ಬಿಡಿ.

ಏರ್ ಟ್ಯಾಕ್ಸಿನ ಸೀಟಿನ ಲೆಕ್ಕದಲ್ಲಿ ಅಗ್ಗ ಮಾಡ್ತೀವಿ ಅಂತ ಫ್ಲಾರಿಡಾದಲ್ಲಿ ಡೇಜೆಟ್ ಅನ್ನೋ ಕಂಪನಿ ಪುಟ್ಟ ಎಕ್ಲಿಪ್ಸ್ 500 ಜೆಟ್‌ಗಳನ್ನಿಟ್ಟು 2007ರಲ್ಲಿ ಶುರು ಮಾಡ್ತು, 2008ರಲ್ಲೇ ಬಾಗಿಲು ಹಾಕ್ತು. ಈಗ ಬ್ಯಾಟರಿಲಿ ನೆಟ್ಟಗೆ ಮೇಲೇಳೋ ಏರ್ ಟ್ಯಾಕ್ಸಿಗಳ ಗಲಾಟೆ, ಅಮೆರಿಕ 2024ರ ಅಕ್ಟೋಬರ್‌ನಲ್ಲಿ ಅವುಗಳ ಪೈಲಟ್ ತರಬೇತಿಗೆ ನಿಯಮನೂ ತಂದಿದೆ. ನನಗೇನೋ ಅಷ್ಟು ಬೇಗ ಅಗ್ಗ ಆಗತ್ತೆ ಅನ್ನೋ ನಂಬಿಕೆ ಇಲ್ಲ.