ಬೆನ್ನು ನೆಲಕ್ಕೆ ತಾಗಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರೆಯ ದಿನಗಳಲ್ಲಿ ಮೈಸೂರಿನ ವಸ್ತುಪ್ರದರ್ಶನ ಆವರಣದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನೋಡಿದವರಿಗೆ ಒಂದು ಗಳಿಗೆ ಖಂಡಿತ ನೆನಪಿರುತ್ತದೆ. ಬಹಳ ಹೊತ್ತು ಕತ್ತಿಗೆ ಕೈಹಾಕಿ, ಹಣೆಗೆ ಹಣೆ ಒತ್ತಿ ಸೆಣಸಿದ ಇಬ್ಬರು ಪೈಲ್ವಾನರಲ್ಲಿ ಒಬ್ಬನ ಎರಡೂ ಭುಜಗಳು ಮಟ್ಟಿಯ ಮಣ್ಣಿಗೆ ತಾಗುತ್ತವೆ, ಚಿತ್ ಆಯಿತೆಂದು ಜನ ಕೂಗುತ್ತಾರೆ, ಬಿದ್ದವನು ಮೈಯ ಮಣ್ಣು ಕೊಡವಿಕೊಂಡು ಗೆದ್ದವನ ಕೈಕುಲುಕಿ ಹೊರಗೆ ಹೋಗುತ್ತಾನೆ. ಅಲ್ಲಿಗೆ ಕುಸ್ತಿ ಮುಗಿಯಿತು. ಕತ್ತಲಾದ ಮೇಲೆ ಬಸ್ಸಿಳಿದು ಮನೆಗೆ ನಡೆದು ಹೋಗುವ ಒಬ್ಬ ಹೆಣ್ಣುಮಗಳನ್ನೋ, ಹಣ ಕಟ್ಟಿಕೊಂಡು ಅಂಗಡಿ ಮುಚ್ಚಿ ಹೊರಟ ಒಬ್ಬ ವರ್ತಕನನ್ನೋ ಯಾರಾದರೂ ದೂಡಿ ಕೆಡವಿದರೆ, ಬೆನ್ನು ನೆಲಕ್ಕೆ ತಾಗಿದ ಅದೇ ಗಳಿಗೆಯಿಂದ ನಿಜವಾದ ಅಪಾಯ ಶುರುವಾಗುತ್ತದೆ. ಆಗ ಯಾವ ವಿದ್ಯೆ ಕೈಹಿಡಿಯುತ್ತದೆ ಎಂಬುದೇ ಈ ಹೊತ್ತಿನ ವಿಷಯ.

ಹುಡುಗನಾಗಿದ್ದಾಗ ಮೈಸೂರಿನ ಒಂದು ಗರಡಿಯಲ್ಲಿ ಸಾಮು ಮಾಡಿದವನು ನಾನು. ಕಾಲೇಜಿನಲ್ಲಿ ಜೂಡೋ ಕಲಿತೆ, ಆಮೇಲೆ ದೈಹಿಕ ಶಿಕ್ಷಣ ಶಿಕ್ಷಕನಾಗಿ ಅನೇಕ ವರ್ಷ ಮಕ್ಕಳೊಂದಿಗೆ ಕಳೆದೆ. "ಸಾರ್, ಮಗಳನ್ನು ಕರಾಟೆಗೆ ಸೇರಿಸೋಣವೋ, ಜೂಡೋಗೆ ಸೇರಿಸೋಣವೋ?" ಎಂದು ತಾಯ್ತಂದೆಯರು ಕೇಳುತ್ತಲೇ ಬಂದಿದ್ದಾರೆ. ಒಂದು ಹೆಸರು ಹೇಳಿ ಕಳುಹಿಸುವುದು ಸುಲಭ, ಆದರೆ ನನ್ನ ಮನಸ್ಸು ಎಂದೂ ಅದಕ್ಕೆ ಒಪ್ಪಲಿಲ್ಲ. ಪ್ರತಿಯೊಂದು ವಿದ್ಯೆಯೂ ತನ್ನ ಆಟದ ನಿಯಮವನ್ನು ಕಲಿತವನ ಮೈಯೊಳಗೆ ಬಿತ್ತುತ್ತದೆ. ಆಪತ್ತು ಬಂದಾಗ ಯೋಚಿಸಲು ಬಿಡುವಿರುವುದಿಲ್ಲ. ಮೈ ತನಗೆ ಅಭ್ಯಾಸವಾದ ನಿಯಮದಂತೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಯಾವ ವಿದ್ಯೆ ಯಾವ ನಿಯಮವನ್ನು ಬಿತ್ತುತ್ತದೆ ಎಂದು ನೋಡಬೇಕು.

ಇದು ನನಗೆ ಅರ್ಥವಾದದ್ದು ಸ್ವಂತ ಕುತ್ತಿಗೆಯ ಮೂಲಕ. ಗರಡಿಯಲ್ಲಿ ಉಸ್ತಾದರು ನಮಗೆ ಹೇಳಿಕೊಟ್ಟ ಮೊದಲ ಪಾಠವೆಂದರೆ ನೆಲಕ್ಕೆ ಬೆನ್ನು ಕೊಡಬೇಡ ಎಂಬುದು. ಕೆಳಗೆ ಬಿದ್ದರೆ ತಕ್ಷಣ ಬೋರಲಾಗಿ, ಹೊಟ್ಟೆಯನ್ನು ಮಣ್ಣಿಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಸೇರಿಸಿ ಮಲಗಿದರೆ ಎದುರಾಳಿ ಎಷ್ಟು ಎಳೆದಾಡಿದರೂ ಚಿತ್ ಮಾಡುವುದು ಕಷ್ಟ, ಮತ್ತು ಕುಸ್ತಿಯ ನಿಯಮದಲ್ಲಿ ಅದು ಸರಿಯಾದ ರಕ್ಷಣೆಯೂ ಹೌದು. ಕಾಲೇಜಿನಲ್ಲಿ ಜೂಡೋ ಚಾಪೆಯ ಮೇಲೆ ಮೊದಲ ಬಾರಿ ಬಿದ್ದಾಗ ನಾನು ಅದನ್ನೇ ಮಾಡಿದೆ. ಮೇಲಿದ್ದ ಹುಡುಗ ನನಗಿಂತ ತೂಕದಲ್ಲಿ ಕಡಿಮೆ. ಅವನು ನನ್ನನ್ನು ಹೊರಳಿಸುವ ಪ್ರಯತ್ನವನ್ನೇ ಮಾಡಲಿಲ್ಲ; ಬೆನ್ನಿನ ಮೇಲೆ ಕುಳಿತು, ಗದ್ದದ ಕೆಳಗೆ ಮುಂಗೈ ತೂರಿಸಿ, ಕತ್ತನ್ನು ಬಿಗಿದ. ಕಣ್ಣಿಗೆ ಕತ್ತಲೆ ಕವಿಯುವ ಮೊದಲು, ಸೋತೆನೆಂಬ ಸೂಚನೆಯಾಗಿ ಕೈತಟ್ಟಿ ಬಿಡಿಸಿಕೊಂಡೆ. ಗರಡಿಯಲ್ಲಿ ನನ್ನನ್ನು ಕಾಪಾಡಿದ ಅಭ್ಯಾಸವೇ ಚಾಪೆಯ ಮೇಲೆ ನನ್ನ ಕತ್ತನ್ನು ಒಪ್ಪಿಸಿಕೊಟ್ಟಿತ್ತು.

ಕುಸ್ತಿಯನ್ನು ಕಡಿಮೆ ಮಾಡಿ ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಆ ಮಟ್ಟಿಯಲ್ಲಿ ದಿನವೂ ಜೋರು, ಅಂದರೆ ಜೊತೆಗಾರನೊಂದಿಗೆ ಅಭ್ಯಾಸದ ಕುಸ್ತಿ, ಮಾಡಿದವನ ಕಾಲು ಅಷ್ಟು ಸುಲಭಕ್ಕೆ ನೆಲ ಬಿಡುವುದಿಲ್ಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು, ನುಗ್ಗಿ ಬಂದವನ ಭಾರವನ್ನು ಪಕ್ಕಕ್ಕೆ ಜಾರಿಸುವುದು, ತಾನು ಮೇಲೆ ಉಳಿಯುವುದು, ಇವೆಲ್ಲ ಅವನಿಗೆ ಉಸಿರಾಟದಷ್ಟೇ ಸಹಜ. ಬೀದಿಯ ಜಗಳದಲ್ಲಿ ಮೇಲೆ ಉಳಿದವನೇ ಎದ್ದು ಹೋಗಬಲ್ಲವನು, ಆದ್ದರಿಂದ ಕುಸ್ತಿಯ ಬೆಲೆ ಬಹಳ ದೊಡ್ಡದು. ದಸರೆಯಲ್ಲಿ ಈಗ ಹೆಣ್ಣುಮಕ್ಕಳೂ ದಸರಾ ಕಿಶೋರಿ ಪ್ರಶಸ್ತಿಗೆ ಸೆಣಸುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ತುಂಬು ಸಂತೋಷವಾಗುತ್ತದೆ. ಕುಸ್ತಿಯಲ್ಲಿ ಇಲ್ಲದಿರುವುದು ಎರಡು: ಕತ್ತು ಬಿಗಿಯುವುದಕ್ಕೆ ಪ್ರತಿಪಟ್ಟು, ಮತ್ತು ಅಂಗಾತ ಬಿದ್ದ ಮೇಲಿನ ಪಾಠ.

ನಮ್ಮ ಊರಿನದೇ ಇನ್ನೊಂದು ವಿದ್ಯೆ ವಜ್ರಮುಷ್ಟಿ. ವಿಜಯದಶಮಿಯಂದು ಅರಮನೆಯೊಳಗೆ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನಚಾದ ಆಯುಧ ಧರಿಸಿ ಸೆಣಸುತ್ತಾರೆ, ನೆತ್ತರು ಕಂಡೊಡನೆ ಕಾಳಗ ನಿಲ್ಲುತ್ತದೆ. ಇಂದು ಅದು ಕೆಲವೇ ಕ್ಷಣಗಳ ಆಚರಣೆಯಾಗಿ ಉಳಿದಿರುವುದರಿಂದ ಆತ್ಮರಕ್ಷಣೆಯ ಲೆಕ್ಕದಲ್ಲಿ ಅದನ್ನು ಸೇರಿಸಲಾಗದು. ಆದರೂ ಬರಿಗೈ ಮುಷ್ಟಿಯ ವಿಚಾರದಲ್ಲಿ ಅದು ಒಂದು ಸಂಗತಿಯನ್ನು ನೆನಪಿಸುತ್ತದೆ. ತಲೆಬುರುಡೆ ಗಟ್ಟಿ, ಬೆರಳಿನ ಗೆಣ್ಣುಗಳು ಸೂಕ್ಷ್ಮ. ಆಯುಧವೂ ಇಲ್ಲದೆ, ಬಾಕ್ಸಿಂಗ್ ಗವಸೂ ಇಲ್ಲದೆ ಮತ್ತೊಬ್ಬನ ಹಣೆಗೆ ಗುದ್ದಿದವನು ಎಷ್ಟೋ ಸಲ ತನ್ನ ಕಿರುಬೆರಳ ಕಡೆಯ ಅಂಗೈ ಮೂಳೆಯನ್ನೇ ಮುರಿದುಕೊಳ್ಳುತ್ತಾನೆ. ಅಂಗೈಯ ಬುಡದಿಂದ ಹೊಡೆಯುವುದನ್ನು ನಾನು ಮಕ್ಕಳಿಗೆ ಕಲಿಸಿದ್ದು ಈ ಕಾರಣಕ್ಕೆ.

ಇನ್ನು ಹೊಡೆತದ ವಿದ್ಯೆಗಳು. ಫುನಾಕೋಶಿ ಗಿಚಿನ್ ಅವರು 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ತಂದು ಪ್ರದರ್ಶಿಸಿದ ಕರಾಟೆ ಇಂದು ಮೈಸೂರು, ಮಂಡ್ಯದ ಬಡಾವಣೆ ಬಡಾವಣೆಗಳಲ್ಲಿ ಕಲಿಸಲ್ಪಡುತ್ತಿದೆ. ಅಂಕಕ್ಕಾಗಿ ಆಡುವ ಕರಾಟೆಯಲ್ಲಿ ಒಂದು ಏಟು ಸರಿಯಾಗಿ ತಲುಪಿದೊಡನೆ ತೀರ್ಪುಗಾರರು ಆಟ ನಿಲ್ಲಿಸುತ್ತಾರೆ. ಬೀದಿಯಲ್ಲಿ ಮೊದಲ ಏಟು ತಿಂದವನು ನಿಲ್ಲುವುದಿಲ್ಲ, ಮೈಮೇಲೆ ಬೀಳುತ್ತಾನೆ. ಟೇಕ್ವಾಂಡೋದಲ್ಲಿ ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿಲ್ಲ, ಹಾಗಾಗಿ ಕೈ ಕೆಳಗಿಳಿಸಿ ನಿಲ್ಲುವ ಅಭ್ಯಾಸ ಬರುತ್ತದೆ. ಬಾಕ್ಸಿಂಗ್ ಕಲಿತವರಿಗೆ ಏಟನ್ನು ಕಣ್ಣುಮುಚ್ಚದೆ ಎದುರಿಸುವ ಧೈರ್ಯ ಮತ್ತು ಅಂತರವನ್ನು ಅಳೆಯುವ ಕಾಲು ದೊರೆಯುತ್ತವೆ, ಇದು ಅಮೂಲ್ಯವಾದದ್ದು. ಆದರೆ ಇಬ್ಬರೂ ತಬ್ಬಿಕೊಂಡರೆ ಅಲ್ಲಿ ರೆಫರಿ ಬಿಡಿಸುತ್ತಾರೆ. ಥಾಯ್ಲೆಂಡಿನ ಮುಯೆ ಥಾಯ್‌ನಲ್ಲಿ ತಬ್ಬಿಕೊಂಡ ಮೇಲೂ ಮೊಣಕಾಲು, ಮೊಣಕೈಗಳ ಕೆಲಸ ನಡೆಯುವುದರಿಂದ ನಿಂತು ಕಾದುವ ವಿದ್ಯೆಗಳಲ್ಲಿ ನಾನು ಅದಕ್ಕೆ ಮೇಲಿನ ಸ್ಥಾನ ಕೊಡುತ್ತೇನೆ. ನೆಲಕ್ಕೆ ಬಿದ್ದ ಮೇಲೆ ಮಾತ್ರ ಈ ನಾಲ್ಕೂ ವಿದ್ಯೆಗಳ ಸ್ಪರ್ಧಾಂಗಣಗಳಲ್ಲಿ ಆಟ ನಿಂತುಹೋಗುತ್ತದೆ.

ನೆಲದ ಮೇಲಿನ ವಿದ್ಯೆಗೆ ಬಂದಾಗ ಜೂಡೋದ ಸ್ಥಾಪಕ ಕಾನೊ ಜಿಗೊರೊ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1882ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬುವ ಮೊದಲೇ, ಟೋಕಿಯೋದ ಒಂದು ಬೌದ್ಧ ದೇಗುಲದಲ್ಲಿ ಕೊಡೊಕಾನ್ ಶಾಲೆಯನ್ನು ಆರಂಭಿಸಿದ ಅವರು ಜಪಾನಿನ ಹಳೆಯ ಕಾಳಗದ ವಿದ್ಯೆಯಾದ ಜುಜುತ್ಸುವಿನ ಪಟ್ಟುಗಳನ್ನು ಎರಡಾಗಿ ವಿಂಗಡಿಸಿದರು. ಮುಕ್ತ ಸೆಣಸಾಟದಲ್ಲಿ ಪ್ರಯೋಗಿಸಿದರೆ ಜೊತೆಗಾರನ ಅಂಗ ಊನವಾಗಬಹುದಾದವುಗಳನ್ನು ಕ್ರಮಬದ್ಧ ಪ್ರದರ್ಶನಕ್ಕೆ ಸೀಮಿತಗೊಳಿಸಿ, ಉಳಿದವುಗಳನ್ನು ಪೂರ್ತಿ ಬಲದಿಂದ, ಒಪ್ಪದ ಎದುರಾಳಿಯ ಮೇಲೆ, ದಿನವೂ ಅಭ್ಯಾಸ ಮಾಡಿಸಿದರು. ಈ ಮುಕ್ತ ಅಭ್ಯಾಸಕ್ಕೆ ರಂದೋರಿ ಎಂದು ಹೆಸರು. ಅತಿ ಭಯಂಕರವಾದ ಪಟ್ಟುಗಳನ್ನು ಬಿಟ್ಟುಕೊಟ್ಟ ವಿದ್ಯೆಯೇ ಹೆಚ್ಚು ಬಲಶಾಲಿಯಾಯಿತು, ಏಕೆಂದರೆ ಕಣ್ಣಿಗೆ ಚುಚ್ಚುವುದನ್ನು ಗಾಳಿಯಲ್ಲಿ ಸಾವಿರ ಸಲ ಅಭಿನಯಿಸಿದವನಿಗಿಂತ, ಸಾಧಾರಣವಾದ ಒಂದು ಬಿಗಿತವನ್ನು ಕೊಸರಾಡುವ ಮೈಯ ಮೇಲೆ ಸಾವಿರ ಸಲ ಪ್ರಯೋಗಿಸಿದವನು ನಿಜವಾಗಿ ಅದನ್ನು ಬಲ್ಲವನು. ನಮ್ಮ ಗರಡಿಯ ಜೋರು ಕೂಡ ಇದೇ ಜಾತಿಯ ಅಭ್ಯಾಸ.

ಕೊಡೊಕಾನಿನಲ್ಲಿ ಕಲಿತ ಮಾಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರ ವಿದ್ಯೆಯ ಧಾರೆಯನ್ನು ಗ್ರೇಸಿ ಮನೆತನದ ಕಾರ್ಲೋಸ್, ಹೀಲಿಯೊ ಮುಂತಾದ ಸೋದರರು ಬೆಳೆಸಿದ್ದೇ ಇಂದಿನ ಬ್ರೆಜಿಲಿಯನ್ ಜಿಯು ಜಿತ್ಸು. ಜೂಡೋದಲ್ಲಿ ಅಂಗಾತ ಕೆಡವಿದರೆ ಇಪ್ಪೊನ್, ಅಂದರೆ ಪೂರ್ಣ ಗೆಲುವು. 20 ಸೆಕೆಂಡು ಒತ್ತಿ ಹಿಡಿದರೂ ಗೆಲುವು. ಜಿಯು ಜಿತ್ಸುವಿನಲ್ಲಿ ಅಂಗಾತ ಬಿದ್ದವನಿಗೆ ಸೋಲಿಲ್ಲ. ಅವನು ಎದುರಾಳಿಯ ಸೊಂಟವನ್ನು ತನ್ನ ಎರಡು ಕಾಲುಗಳ ನಡುವೆ ಹಿಡಿದು, ದೂರ ತಳ್ಳಿ, ಹತ್ತಿರ ಎಳೆದು, ಕೈಯನ್ನೋ ಕತ್ತನ್ನೋ ಬಿಗಿಯುತ್ತಾನೆ; ಈ ಭಂಗಿಗೆ ಗಾರ್ಡ್ ಎನ್ನುತ್ತಾರೆ. ನಾಡಕುಸ್ತಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಈ ವಿದ್ಯೆ ಆರಂಭವಾಗುತ್ತದೆ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ವಿದ್ಯೆಗಳವರನ್ನು ಮುಖಾಮುಖಿಯಾಗಿಸಿದ ಮೊದಲ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್, ಅಂದರೆ ಯುಎಫ್‌ಸಿ ಪಂದ್ಯಾವಳಿಯಲ್ಲಿ, ತನ್ನ ಮೂವರು ಎದುರಾಳಿಗಳಿಗಿಂತಲೂ ಹಗುರವಾಗಿದ್ದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನೂ ಸೋಲೊಪ್ಪಿಸಿದಾಗ ನೆಲದ ವಿದ್ಯೆಯ ಮಹತ್ವ ಜಗತ್ತಿಗೆ ತಿಳಿಯಿತು.

ಹಾಗಾದರೆ ಉತ್ತರ ಸಿಕ್ಕಿತಲ್ಲ ಎಂದು ಕೇಳುಗರಿಗೆ ಅನ್ನಿಸಬಹುದು. ಇಲ್ಲಿಯೇ ನಾನು ಬಹಳ ಎಚ್ಚರದಿಂದ ಮಾತನಾಡಬೇಕಾಗಿದೆ. ಒಬ್ಬನಿಗೆ ಒಬ್ಬ, ಮೆತ್ತನೆಯ ಚಾಪೆ, ಆಯುಧವಿಲ್ಲ ಎಂಬ ಮೂರು ನಿಯಮಗಳನ್ನು ಜಿಯು ಜಿತ್ಸು ಕೂಡ ಮೈಯೊಳಗೆ ಬಿತ್ತುತ್ತದೆ. ನಮ್ಮ ಬೀದಿಯಲ್ಲಿರುವುದು ಟಾರು, ಜಲ್ಲಿ, ಚರಂಡಿಯ ಕಲ್ಲಂಚು. ನೀವು ಒಬ್ಬನನ್ನು ಕಾಲುಗಳ ನಡುವೆ ಹಿಡಿದು ಮಲಗಿರುವಾಗ ಅವನ ಜೊತೆಗಾರ ಬಂದು ತಲೆಗೆ ಒದ್ದರೆ ತಡೆಯಲು ಕೈ ಇರುವುದಿಲ್ಲ. ಚಾಕು, ಮಚ್ಚು ಇದ್ದರಂತೂ ನಾನು ಈವರೆಗೆ ಹೆಸರಿಸಿದ ಯಾವ ವಿದ್ಯೆಯನ್ನೂ ನಂಬಿ ನಿಲ್ಲಬೇಡಿ. ಕೇಳಿದ್ದನ್ನು ಕೊಟ್ಟುಬಿಡಿ, ಓಡಲು ದಾರಿಯಿದ್ದರೆ ಓಡಿ, 112ಕ್ಕೆ ಕರೆಮಾಡಿ. ಉಡುಪಿನ ವಿಚಾರವೂ ಇದೆ. ಜೂಡೋ ಮತ್ತು ಜಿಯು ಜಿತ್ಸುವಿನ ಅನೇಕ ಪಟ್ಟುಗಳು ದಪ್ಪ ಬಟ್ಟೆಯ ಕೊರಳಪಟ್ಟಿಯನ್ನು ಹಿಡಿದು ಮಾಡುವಂಥವು. ನಮ್ಮ ತೆಳು ಹತ್ತಿ ಅಂಗಿ ಒಂದೇ ಎಳೆತಕ್ಕೆ ಹರಿಯುತ್ತದೆ, ಕೊರಳಿಗೆ ಸುತ್ತಿದ ದುಪಟ್ಟಾ ಮಾತ್ರ ಹರಿಯದೆ ಎಳೆದವನ ಕೈಗೆ ಹಗ್ಗವಾಗುತ್ತದೆ. ದುಪಟ್ಟಾವನ್ನು ಒಂದು ಭುಜದ ಮೇಲೆ ಸಡಿಲವಾಗಿ ಹಾಕಿಕೊಂಡರೆ ಎಳೆದಾಗ ಜಾರಿಹೋಗುತ್ತದೆ ಎಂದು ನನ್ನ ವಿದ್ಯಾರ್ಥಿನಿಯರಿಗೆ ಪದೇ ಪದೇ ಹೇಳಿದ್ದೇನೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಆತ್ಮರಕ್ಷಣೆಗಾಗಿ ನೆಲದ ವಿದ್ಯೆಯನ್ನು ಕಲಿಯಲೇಬೇಕು, ಆದರೆ ನೆಲದಲ್ಲಿ ಗೆಲ್ಲುವುದಕ್ಕಾಗಿ ಕಲಿಯಬಾರದು, ಏಳುವುದಕ್ಕಾಗಿ ಕಲಿಯಬೇಕು. ಎದೆಯ ಮೇಲೆ ಕುಳಿತವನನ್ನು ಸೊಂಟ ಎತ್ತಿ ಪಕ್ಕಕ್ಕೆ ಉರುಳಿಸುವುದು, ಸೊಂಟವನ್ನು ಸರಿಸಿ ನಡುವೆ ಮೊಣಕಾಲು ತೂರಿಸುವುದು, ಕತ್ತಿಗೆ ಕೈ ಬಂದರೆ ಬಿಡಿಸಿಕೊಳ್ಳುವುದು, ಇಷ್ಟನ್ನು ಆರೇಳು ತಿಂಗಳು ಒಪ್ಪದ ಜೊತೆಗಾರರೊಂದಿಗೆ ಅಭ್ಯಾಸ ಮಾಡಿದರೆ ಅದು ಮೈಯಲ್ಲಿ ಉಳಿಯುತ್ತದೆ. ಕತ್ತಿನ ಎರಡೂ ಪಕ್ಕದ ರಕ್ತನಾಳಗಳು ಸರಿಯಾಗಿ ಒತ್ತಿಹೋದರೆ ಪ್ರಜ್ಞೆ ತಪ್ಪಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಆದ್ದರಿಂದ ಹಿಂದಿನಿಂದ ತೋಳು ಬಂದೊಡನೆ ಗದ್ದವನ್ನು ಎದೆಗೆ ಒತ್ತಿ, ಎರಡೂ ಕೈಗಳಿಂದ ಆ ತೋಳನ್ನು ಕೆಳಗೆಳೆಯುವುದನ್ನು ಮೊದಲ ಪಾಠವಾಗಿಯೇ ಕಲಿಯಿರಿ. ಯಾರಾದರೂ ಕತ್ತು ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು, ಒಳಗಿನ ಊತ ಮತ್ತು ರಕ್ತನಾಳದ ಗಾಯ ತಡವಾಗಿ ಕಾಣಿಸಿಕೊಳ್ಳಬಹುದು.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ತನ್ನ ಮತ್ತು ಇತರರ ಶರೀರವನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕೊಡುತ್ತವೆ, ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಲು ಒಪ್ಪುವುದಿಲ್ಲ. ಬಿಡಿಸಿಕೊಂಡ ಮೇಲೆ ಮತ್ತೆ ತಿರುಗಿ ಬಂದು ಒದೆಯುವುದು ರಕ್ಷಣೆಯಾಗುವುದಿಲ್ಲ.

ಮಗಳನ್ನು ಎಲ್ಲಿಗೆ ಸೇರಿಸಬೇಕೆಂದು ಕೇಳುವವರಿಗೆ ನಾನು ಹೇಳುವುದು, ಹಣ ಕಟ್ಟುವ ಮೊದಲು ಎರಡು ಸಂಜೆ ಆ ತರಗತಿಯ ಮೂಲೆಯಲ್ಲಿ ಕುಳಿತು ನೋಡಿ ಎಂದು. ಗೋಡೆಯ ಮೇಲಿನ ಪದಕಗಳನ್ನೂ ಬೆಲ್ಟಿನ ಬಣ್ಣಗಳನ್ನೂ ನೋಡುವ ಅಗತ್ಯವಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ನಿಜವಾಗಿ ಎದುರಿಸಿ ಸೆಣಸುತ್ತಾರೆಯೇ, ಕೈತಟ್ಟಿದ ಕ್ಷಣ ಜೊತೆಗಾರ ಬಿಡುತ್ತಾನೆಯೇ, ಮೊದಲ ವಾರ ಬೀಳುವುದನ್ನು ಕಲಿಸುತ್ತಾರೆಯೇ ಎಂದು ನೋಡಿ. ಮನೆಯ ಹತ್ತಿರ ಒಳ್ಳೆಯ ಗರಡಿಯೋ ಜೂಡೋ ತರಗತಿಯೋ ಇದ್ದರೆ, ದೂರದ ಪ್ರಸಿದ್ಧ ಜಿಯು ಜಿತ್ಸು ಶಾಲೆಗಾಗಿ ಕಾಯಬೇಡಿ.

ಉಳಿದಿರುವ ಸಮಯದಲ್ಲಿ, ಮನೆಯಲ್ಲಿ ಜಮಖಾನ ಹಾಸಿಕೊಂಡು ಮಾಡಬಹುದಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ಮೊಣಕಾಲು, ಬೆನ್ನು ನೋವಿರುವವರು ವೈದ್ಯರನ್ನು ಕೇಳಿ ಮಾಡಿ. ಮೊದಲು, ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ತಾಗಿರಲಿ, ತಲೆ ನೆಲಕ್ಕೆ ಬಡಿಯಬಾರದು. ಕೈಯನ್ನು ನೇರವಾಗಿ ಊರಿದರೆ ಮಣಿಕಟ್ಟು ಮುರಿಯುತ್ತದೆ, ಆದ್ದರಿಂದ ಬೆನ್ನನ್ನು ದುಂಡಗೆ ಮಾಡಿ ಉರುಳಿ. ಈಗ ಎದ್ದು ಕುಳಿತು, ಬಲಗೈಯನ್ನು ಬೆನ್ನ ಹಿಂದೆ ನೆಲಕ್ಕೆ ಊರಿ, ಎಡಗಾಲನ್ನು ಮಡಿಸಿ ಪಾದವನ್ನು ನೆಲಕ್ಕೆ ಒತ್ತಿ, ಎಡಗೈಯನ್ನು ಮುಖದ ಮುಂದೆ ಅಡ್ಡ ಹಿಡಿಯಿರಿ. ಬಲಗೈ ಮತ್ತು ಎಡಪಾದದ ಮೇಲೆ ಭಾರ ಹಾಕಿ ಸೊಂಟ ಎತ್ತಿ, ಬಲಗಾಲನ್ನು ಮೈಯ ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡು ಪಾದ ಊರಿ. ಎದುರಿಗಿರುವವನ ಮೇಲಿಂದ ಕಣ್ಣು ತೆಗೆಯದೆ ನಿಂತು, ಎರಡು ಹೆಜ್ಜೆ ಹಿಂದೆ ಸರಿಯಿರಿ. ಬಲಗಡೆ ಹತ್ತು ಸಲ, ಎಡಗಡೆ ಹತ್ತು ಸಲ.

ನಮಸ್ಕಾರ.